ಹಳೇ ಸಂಗೀತ, ಹೊಸ ಸಂಗೀತ, ನಡುವೆ ಪೀಪಿ

ಅವಳು ರೆಕಾರ್ಡರ್ ನುಡಿಸುವವಳು ಅಂದರೆ ಸಾಕು, ಹೆಚ್ಚಿನವರು ಕೇಳುತ್ತಿದ್ದದ್ದು ಒಂದೇ ಪ್ರಶ್ನೆ: "ಕ್ಯಾಸೆಟ್ ಹಾಕ್ತಿದ್ರಲ್ಲ, ಅದಾ?" ಸ್ವಲ್ಪ ತಿಳಿದವರು, "ಓ, ಸ್ಕೂಲಲ್ಲಿ ಮಕ್ಕಳು ಊದ್ತಾರಲ್ಲ, ಬಿಳೀ ಪ್ಲಾಸ್ಟಿಕ್ಕಿಂದು, ಅದಾ? ದೊಡ್ಡೋರೂ ಊದ್ತಾರಾ?" ಅನ್ನುತ್ತಿದ್ದರು. ಮೊದಮೊದಲು ಅವಳು ಸಹನೆಯಿಂದ ವಿವರಿಸುತ್ತಿದ್ದಳು. ಇದು ಮರದ್ದು, ಕೊಳಲಿನ ಹಾಗೆ ಅಡ್ಡ ಹಿಡಿಯುವುದಲ್ಲ, ನೆಟ್ಟಗೆ ಹಿಡಿದು ತುದಿಗೆ ಬಾಯಿಟ್ಟು ಊದಬೇಕು, ನೂರಾರು ವರ್ಷಗಳ ಹಿಂದೆ ಅರಮನೆಗಳಲ್ಲಿ ಇದಕ್ಕೆ ಭಾರೀ ಮರ್ಯಾದೆಯಿತ್ತು, ಆಮೇಲೆ ಎಲ್ಲರೂ ಮರೆತರು, ಈಗ ಮತ್ತೆ ಹೊಸಬರು ಇದಕ್ಕಾಗಿಯೇ ಬರೆಯುತ್ತಿದ್ದಾರೆ ಅಂತೆಲ್ಲ. ಐವತ್ತು ದಾಟಿದ ಮೇಲೆ ಆ ಉಸಾಬರಿ ಬಿಟ್ಟಳು. "ಹ್ಞೂ, ಕ್ಯಾಸೆಟ್ಟೇ," ಅಂದು ಮುಂದೆ ಹೋಗುತ್ತಿದ್ದಳು.

ಮನೆಯಲ್ಲಿ ಅವಳ ಹೆಸರು ಪೀಪಿ. ಇಟ್ಟವನು ಅಣ್ಣ. ಶಾಲೆಯಲ್ಲಿ ಕೊಟ್ಟ ರೆಕಾರ್ಡರನ್ನು ವಾರದೊಳಗೆ ಬೇಸತ್ತು ಮಂಚದಡಿ ಎಸೆದವನೂ ಅವನೇ. ತಂಗಿ ಅದನ್ನೆತ್ತಿಕೊಂಡಳು, ಅಷ್ಟೇ. ಊಟಕ್ಕೆ ಕರೆದರೂ ಊದುತ್ತಲೇ ಬರುತ್ತಿದ್ದಳು. ಈಗ ಅಣ್ಣ ಕನ್ನಡಕದ ಅಂಗಡಿ ಇಟ್ಟಿದ್ದ. ಅಂಗಡಿಯ ಮೇಲಿನ ಕೋಣೆಯಲ್ಲಿ ಪೀಪಿಯ ವಾಸ. ಅವಳು ಅಭ್ಯಾಸಕ್ಕೆ ಕೂತರೆ ಕೆಳಗಿನಿಂದ ಅಣ್ಣನ ಕೂಗು: "ಏ ಪೀಪಿ, ಸ್ವಲ್ಪ ತಡಿಯೇ! ಕಣ್ಣು ತೋರಿಸ್ಕೊಳ್ಳೋಕೆ ಬಂದೋರು ಕಿವಿ ಮುಚ್ಕೊಂಡು ಕೂತಿದಾರೆ!"

ಹಳೇ ಸಂಗೀತ ಹೊಸ ಸಂಗೀತ ಎರಡರಲ್ಲೂ ಹೆಸರು ಮಾಡಿದವಳು ಅಂತ ಪತ್ರಿಕೆಯವರು ಬರೆಯುತ್ತಿದ್ದರು. ಹೆಸರು ಮಾಡಿದ್ದಕ್ಕಿಂತ ಎರಡು ಕಡೆಯೂ ಬೈಸಿಕೊಂಡದ್ದೇ ಹೆಚ್ಚು ಅಂತ ಅವಳಿಗೆ ಗೊತ್ತು.

ಹಳೇ ಸಂಗೀತ ಕಲಿಸಿದವರು ಮೇಷ್ಟ್ರು. ಅವರದು ಹಾರ್ಪ್ಸಿಕಾರ್ಡ್. ನೋಡಲು ಪಿಯಾನೋದ ಹಾಗೇ ಇದ್ದರೂ ಅದಕ್ಕಿಂತ ಎಷ್ಟೋ ಹಳೆಯ ವಾದ್ಯ. ಕೀ ಒತ್ತಿದರೆ ಒಳಗೊಂದು ಸಣ್ಣ ಕಡ್ಡಿ ಮೇಲೆದ್ದು ತಂತಿಯನ್ನು ಮೀಟುತ್ತದೆ. ಮೇಷ್ಟ್ರ ಮನೆಯಲ್ಲಿ ಆ ವಾದ್ಯಕ್ಕೇ ಒಂದು ಕೋಣೆ. ಕಿಟಕಿಗೆ ದಪ್ಪ ಪರದೆ, ಮೂಲೆಯಲ್ಲಿ ಹವೆಯ ತೇವ ಅಳೆಯುವ ಡಬ್ಬಿ. ಸ್ವಂತ ಹೆಂಡತಿಗೆ ನೆಗಡಿಯಾದರೂ ಅವರು ಅಷ್ಟು ಗಾಬರಿಯಾಗುತ್ತಿರಲಿಲ್ಲ; ಆ ಡಬ್ಬಿಯ ಮುಳ್ಳು ಕೂದಲೆಳೆಯಷ್ಟು ಸರಿದರೆ ಮನೆಯವರೆಲ್ಲ ಉಸಿರು ಬಿಗಿಹಿಡಿಯಬೇಕು. ಪಾಠದಲ್ಲಿ ಬೆಣ್ಣೆಯೊಳಗೆ ಕಲ್ಲು ಹುಡುಕುವ ಜಾತಿ. "ಈ ಅಲಂಕಾರ ಮೇಲಿನ ಸ್ವರದಿಂದ ಇಳೀಬೇಕು, ಕೆಳಗಿನಿಂದ ಹತ್ತಬಾರ್ದು. ಹತ್ತೋದಕ್ಕೆ ಇದೇನು ಏಣಿಯಾ?" ಹೀಗೇ ಹತ್ತು ವರ್ಷ. ಪೀಪಿ ಅವರ ತಂಡದಲ್ಲಿ ಊರೂರು ತಿರುಗಿದಳು, ಕೈ ಪಳಗಿತು, ಮೇಷ್ಟ್ರ ಬಾಯಲ್ಲಿ "ಪರವಾಗಿಲ್ಲ" ಅನ್ನುವಷ್ಟಾಯಿತು.

ಆಗ ಅವಳ ಬುದ್ಧಿಗೆ ಏನಾಯಿತೋ, ಒಬ್ಬ ಹೊಸ ಸಂಯೋಜಕ ಬರೆದ ಕೃತಿ ನುಡಿಸಲು ಒಪ್ಪಿದಳು. ಅದರಲ್ಲಿ ಎರಡು ರೆಕಾರ್ಡರುಗಳನ್ನು ಒಟ್ಟಿಗೆ ಬಾಯಿಗಿಟ್ಟು ಊದಬೇಕಿತ್ತು. ಮೇಷ್ಟ್ರು ಕೊನೆಯ ಸಾಲಿನಲ್ಲಿ ಕೂತು ಕೇಳಿ, ಎದ್ದು ಹೋದರು. ಮರುದಿನ ಪಾಠಕ್ಕೆ ಹೋದರೆ ಬಾಗಿಲು ತೆಗೆಯಲಿಲ್ಲ. ಕಿಟಕಿಯ ಪರದೆ ಮಾತ್ರ ಚೂರು ಸರಿಯಿತು. "ಬಾಗಿಲಿಗೆ ಬಾಲ ಸಿಕ್ಕಿಸ್ಕೊಂಡ ಬೆಕ್ಕು ನನ್ನ ತಂಡಕ್ಕೆ ಬೇಡ," ಅಂದ ದನಿ ಕೇಳಿತು. ಪರದೆ ಮುಚ್ಚಿತು.

ಸರಿ, ಹೊಸಬರ ಜೊತೆಗೇ ಇರೋಣ ಅಂದುಕೊಂಡಳು. ಅಲ್ಲಿ ಬೇರೆಯೇ ಗೋಳು. ಒಬ್ಬ ಊದುತ್ತಾ ಕೆಮ್ಮು ಅಂದ. ಇನ್ನೊಬ್ಬ ಊದಲೇಬೇಡ, ಬೆರಳಲ್ಲಿ ರಂಧ್ರಗಳನ್ನು ತಟ್ಟು, ಸಾಕು ಅಂದ. ಮತ್ತೊಬ್ಬ ಅವಳನ್ನು ಏಣಿ ಹತ್ತಿಸಿದ, ನಿಜವಾದ ಏಣಿ. ಅವಳು ಒಂದೂ ತಕರಾರಿಲ್ಲದೆ ಎಲ್ಲ ಕಲಿತಳು, ಮಾಡಿದಳು. ಅಷ್ಟಾದರೂ ಅವರ ದೂರು ತಪ್ಪಲಿಲ್ಲ: "ನೀವು ಎಲ್ಲಾನೂ ತುಂಬಾ ಚೆಂದ ಮಾಡಿಬಿಡ್ತೀರಿ ಮೇಡಂ. ಹಳೇ ವಾಸನೆ ಹೊಡಿಯುತ್ತೆ." ಅತ್ತ ದರಿ ಇತ್ತ ಪುಲಿ ಅಂತಾರಲ್ಲ, ಅದಕ್ಕಿಂತ ಕಡೆ. ಪುಲಿಯಾದರೆ ತಿಂದು ಮುಗಿಸುತ್ತದೆ.

ಎಷ್ಟೋ ವರ್ಷಗಳ ಮೇಲೆ ಒಂದು ದಿನ ಮೇಷ್ಟ್ರ ಫೋನು ಬಂತು. ಹೇಗಿದ್ದೀಯಾ ಇಲ್ಲ, ಏನಿಲ್ಲ. "ಮಂಗಳವಾರ ಬಾ. ಶ್ರುತಿ ಮಾಡಿಟ್ಟಿರ್ತೀನಿ," ಅಂದು ಇಟ್ಟುಬಿಟ್ಟರು. ಅವರ ಹೆಂಡತಿ ತೀರಿಕೊಂಡಿದ್ದರು, ತಂಡ ಚೆದುರಿಹೋಗಿತ್ತು. ಪೀಪಿ ಫೋನು ಹಿಡಿದುಕೊಂಡೇ ಹಲ್ಲು ಕಡಿದಳು. ಮಂಗಳವಾರ ಹೋದಳು.

ಹೀಗೆ ಎರಡೂ ಕಡೆ ಕಾಲಿಟ್ಟುಕೊಂಡು ದಿನ ಹೋಗುತ್ತಿದ್ದಾಗ ಸಭಾಂಗಣದ ಮ್ಯಾನೇಜರಿಗೆ ಒಂದು ಯೋಚನೆ ಹೊಳೆಯಿತು. ಒಂದೇ ಸಂಜೆ, ಮೊದಲರ್ಧ ಹಳತು, ಎರಡನೆಯರ್ಧ ಹೊಸತು, ಪೂರ್ತಿ ಪೀಪಿಯದೇ ಕಛೇರಿ. "ನಿಮ್ಮ ಇಡೀ ಜೀವಮಾನ ಒಂದೇ ಟಿಕೆಟ್ಟಿಗೆ ಸಿಗುತ್ತೆ ಮೇಡಂ!" ಅಂದ. ಹೊಸ ಕೃತಿ ಬರೆಯಲು ಯಾರನ್ನು ಕೇಳೋಣ ಅಂದಾಗ ಪೀಪಿಯೇ, ತನ್ನ ಕಾಲಿಗೆ ತಾನೇ ಕೊಡಲಿ ಹಾಕಿಕೊಂಡ ಹಾಗೆ, ಅಣ್ಣನ ಮಗಳ ಹೆಸರು ಹೇಳಿದಳು.

ಅಣ್ಣನ ಮಗಳನ್ನು ಎಲ್ಲರೂ ಕರೆಯುತ್ತಿದ್ದದ್ದು ಗುಬ್ಬಿ ಅಂತ. ಸಂಗೀತ ರಚನೆ ಓದಿ ಬಂದಿದ್ದಳು, ಕೂದಲು ಅರ್ಧ ಬೋಳಿಸಿಕೊಂಡಿದ್ದಳು, ಅತ್ತೆ ಅಂದರೆ ಪ್ರಾಣ. ರೆಕಾರ್ಡರ್ ಮತ್ತು ಹಾರ್ಪ್ಸಿಕಾರ್ಡಿಗೆ ಸೇರಿಸಿ ಬರೆದು ತಂದಳು.

"ನೋಡು ಅತ್ತೆ, ಇಲ್ಲಿ ಊದ್ತಾ ಊದ್ತಾ ಗಂಟಲಲ್ಲಿ ಗುನುಗ್ಬೇಕು. ಇಲ್ಲಿ ಬುಡದ ತುಂಡು ಕಳಚಿ, ತೆರೆದಿರೋ ತುದೀನ ತೊಡೆಗೆ ಒತ್ಕೊಂಡು ಊದ್ಬೇಕು."

"ತೊಡೆಗಾ?"

"ಹ್ಞೂ. ಬಟ್ಟೆ ನಯವಾಗಿರ್ಲಿ, ಒರಟಾದ್ರೆ ಗಾಳಿ ಸೋರುತ್ತೆ."

"ಉಸಿರು ಎಲ್ಲಿ ತಗೊಳ್ಳೋದು ಗುಬ್ಬಿ?"

"ಉಸಿರಾ?" ಗುಬ್ಬಿ ಹಾಳೆ ತಿರುವಿದಳು, ಇನ್ನೊಂದು ತಿರುವಿದಳು. "ಹಾಂ, ಸಿಕ್ತು. ಇಲ್ಲಿ."

ಕೊನೆಗೆ ಹತ್ತಿರವಾಗಿ ಒಂದು ಸಾಲು ಖಾಲಿಯಿತ್ತು. ಅದರ ಮೇಲೆ ಸಣ್ಣಗೆ, "ಅತ್ತೆಗೆ ಬಿಟ್ಟಿದ್ದು" ಅಂತ ಬರೆದಿತ್ತು. ಏನಿದು ಅಂತ ಕೇಳಿದರೆ, "ನಿನಗೆ ಏನನ್ನಿಸುತ್ತೋ ಅದು ನುಡಿಸು," ಅಂದಳು. ಪೀಪಿಗೆ ಖುಷಿಯಾಗಬೇಕಿತ್ತು. ಆದರೆ ಏನು ನುಡಿಸುವುದು ಅಂತ ಎಷ್ಟು ಯೋಚಿಸಿದರೂ ಹೊಳೆಯಲಿಲ್ಲ. ಅದಕ್ಕೂ ಸಿಟ್ಟು ಬಂತು.

ನಿಜವಾದ ಪೇಚಾಟ ಶುರುವಾದದ್ದು, ಹಾರ್ಪ್ಸಿಕಾರ್ಡ್ ನುಡಿಸಬೇಕಿದ್ದ ಮೇಷ್ಟ್ರ ಕೈಗೆ ಅವರ ಭಾಗ ಸಿಕ್ಕ ಮೇಲೆ. ಒಂದು ಕಡೆ ತಂತಿಗಳ ಮೇಲೆ ಉಣ್ಣೆಬಟ್ಟೆಯ ಪಟ್ಟಿ ಹಾಸಬೇಕಿತ್ತು. ಇನ್ನೊಂದು ಕಡೆ ಮುಚ್ಚಳ ಎತ್ತಿ, ಕೈ ಒಳಗೆ ಹಾಕಿ, ಬೆರಳಲ್ಲೇ ತಂತಿ ಮೀಟಬೇಕಿತ್ತು. ಫೋನಿನಲ್ಲಿ ಮೇಷ್ಟ್ರ ದನಿ ನಡುಗುತ್ತಿತ್ತು.

"ಆ ಹುಡುಗೀಗೆ ಹೇಳು. ನನ್ನ ವಾದ್ಯದ ಹೊಟ್ಟೆಗೆ ಕೈ ಹಾಕ್ಸೋಕೆ ಇದೇನು ಕಸಾಯಿಖಾನೆ ಅಲ್ಲ ಅಂತ ಹೇಳು."

ಪೀಪಿ ಗುಬ್ಬಿಗೆ ಹೇಳಿದ್ದು: "ಮೇಷ್ಟ್ರು ಯೋಚನೆ ಮಾಡ್ತಾರಂತೆ."

ಗುಬ್ಬಿ ಉರಿದುಬಿದ್ದಳು. "ಯೋಚನೆ ಮಾಡೋಕೆ ಏನಿದೆ? ನಿನ್ನ ಮೇಷ್ಟ್ರು ಸತ್ತೋರ ಸಂಗೀತ ಮಾತ್ರ ನುಡಿಸೋದಾ? ಬದುಕಿರೋರು ಬರೆದ್ರೆ ಮೈಲಿಗೆಯಾ? ಹಾಗಂತ ಹೇಳು ಅವರಿಗೆ!"

ಪೀಪಿ ಮೇಷ್ಟ್ರಿಗೆ ಹೇಳಿದ್ದು: "ಹುಡುಗಿಗೆ ನಿಮ್ಮ ಬಗ್ಗೆ ತುಂಬಾ ಗೌರವ ಮೇಷ್ಟ್ರೇ. ನೀವು ಹೇಳಿದ ಹಾಗೆ ಬದಲಾಯಿಸ್ತಾಳಂತೆ."

ಹೀಗೆ ವಾರಗಟ್ಟಲೆ. ಕೋಲೂ ಮುರಿಯಬಾರದು, ಹಾವೂ ಸಾಯಬಾರದು. ಬೆಳಗ್ಗೆ ಒಬ್ಬರ ಬೈಗುಳ ತೊಳೆದು ಮಡಚಿ ಇನ್ನೊಬ್ಬರಿಗೆ ಮುಟ್ಟಿಸುವುದು, ಸಂಜೆ ಅವರದನ್ನು ಇವರಿಗೆ. ಅಭ್ಯಾಸಕ್ಕೆ ಉಳಿದ ಸಮಯ ಅಷ್ಟಕ್ಕಷ್ಟೆ. ಅತ್ತಿಗೆ ಊಟ ಬಡಿಸುತ್ತಾ ಅಂದಳು, "ನಿಮ್ಮ ಮುಖ ನೋಡಿದ್ರೆ, ಸಂಗೀತ ಅಲ್ಲ, ಎರಡು ಮನೆಯವರ ಸಂಬಂಧ ಕುದುರಿಸ್ತಿರೋ ಹಾಗಿದೆ."

ಸಭಾಂಗಣದ ಹಿಂದಿನ ಕೋಣೆಯಲ್ಲಿ ತಾಲೀಮು ಇಟ್ಟುಕೊಂಡ ದಿನ ಬಣ್ಣ ಬಯಲಾಯಿತು. ಮೇಷ್ಟ್ರ ವಾದ್ಯವನ್ನು ನಾಲ್ಕು ಜನ ಕಂಬಳಿ ಸುತ್ತಿ ಹೊತ್ತು ತಂದಿಟ್ಟಿದ್ದರು. ಮೇಷ್ಟ್ರು ಅದರ ಪಕ್ಕ ಕಾವಲು ನಿಂತ ಹಾಗೆ ನಿಂತಿದ್ದರು. ಗುಬ್ಬಿ ಉಣ್ಣೆಬಟ್ಟೆಯ ಪಟ್ಟಿಗಳನ್ನು ಹಿಡಿದು ನಗುನಗುತ್ತಾ ಒಳಗೆ ಬಂದಳು.

"ಎಲ್ಲಿಗಮ್ಮ ಅದು?" ಅಂದರು ಮೇಷ್ಟ್ರು.

"ತಂತಿ ಮೇಲೆ ಹಾಸೋಕೆ. ನೀವು ಒಪ್ಪಿದೀರಿ ಅಂದ್ರು ಅತ್ತೆ."

"ನಾನಾ? ನೀನು ಅದನ್ನ ತೆಗೆದುಹಾಕಿದೀಯ ಅಂತ ಹೇಳಿದ್ಲು ಇವಳು!"

ಇಬ್ಬರೂ ಒಟ್ಟಿಗೆ ಪೀಪಿಯ ಕಡೆ ತಿರುಗಿದರು. ಪೀಪಿ ಕೊರಳಿಗೆ ಚರ್ಮದ ಪಟ್ಟಿ ಹಾಕಿಕೊಂಡು, ದೊಡ್ಡ ರೆಕಾರ್ಡರನ್ನು ಅದಕ್ಕೆ ಸಿಕ್ಕಿಸಿಕೊಳ್ಳುತ್ತಿದ್ದಳು. ಅವಳ ಮೈಯಲ್ಲಿ ಕುದಿಯುತ್ತಿದ್ದದ್ದೆಲ್ಲ ಆಗ ಉಕ್ಕಿತು.

"ಹೌದು, ಸುಳ್ಳು ಹೇಳ್ದೆ! ಇಬ್ರಿಗೂ ಹೇಳ್ದೆ! ನೀವು ಬೈಯೋದನ್ನ ಇದ್ದ ಹಾಗೇ ಹೇಳಿದ್ರೆ ಈ ಕಛೇರಿ ಆಗ್ತಿತ್ತಾ? ಮೇಷ್ಟ್ರೇ, ನನ್ನ ಬಾಯಿಗೆ ಗಾಳಿ ಊದೋ ಕೆಲಸ ಇದೆ. ನಿಮ್ಮ ಟಪಾಲು ಹಂಚೋ ಕೆಲಸ ಇಲ್ಲ. ಗುಬ್ಬಿ, ನಿನಗೂ ಅಷ್ಟೇ. ಇವತ್ತು ನೀವೇ ಮಾತಾಡ್ಕೊಳ್ಳಿ. ಹೊಡೆದಾಡ್ಕೊಳ್ಳಿ, ಕೂದಲು ಕಿತ್ಕೊಳ್ಳಿ. ಇರೋ ಅರ್ಧ ಕೂದಲೂ ಕಿತ್ಕೊಳ್ಳಿ. ನಾನು ಟೀ ಕುಡಿಯೋಕೆ ಹೋಗ್ತೀನಿ."

ರೆಕಾರ್ಡರನ್ನು ಮೇಜಿನ ಮೇಲಿಟ್ಟು, ಬಾಗಿಲು ಧಡಾರನೆ ಎಳೆದುಕೊಂಡು ಹೊರಟಳು. ಹಿಂದಿನಿಂದ ಮೇಷ್ಟ್ರ ದನಿ ಬಂತು: "ಮೆತ್ತಗೆ! ಶ್ರುತಿ ಹೋಗುತ್ತೆ!"

ರಸ್ತೆಯಾಚೆ ಒಂದು ಸಣ್ಣ ಅಂಗಡಿ. ಕಿಟಕಿಯ ಪಕ್ಕದ ಕುರ್ಚಿ. ಟೀ ಬಂತು. ಕುಡಿಯುವ ಮನಸ್ಸಿಲ್ಲದೆ ಲೋಟ ತಿರುಗಿಸುತ್ತಾ ಕೂತಳು. ಮೇಷ್ಟ್ರ ಹತ್ತಿರ ಇಷ್ಟು ಜೋರಾಗಿ ಎಂದೂ ಮಾತಾಡಿರಲಿಲ್ಲ. ಬಾಗಿಲು ಮುಚ್ಚಿ ಕಳಿಸಿದ ದಿನವೂ ಸುಮ್ಮನೆ ಮೆಟ್ಟಿಲಿಳಿದು ಬಂದಿದ್ದಳು. ವಯಸ್ಸಾದವರು, ಎದೆ ಹಿಡಿದುಕೊಂಡು ಬಿದ್ದರೆ? ಗುಬ್ಬಿ ಅಳುತ್ತಾ ಅಪ್ಪನ ಅಂಗಡಿಗೆ ಓಡಿಹೋಗಿದ್ದರೆ? ಹಾಳಾಗಿ ಹೋಗಲಿ, ಅಂದುಕೊಂಡಳು. ಬೀದಿಯಲ್ಲಿ ಬಸ್ಸುಗಳು ಹೋದವು. ಒಬ್ಬಳು ಹೆಂಗಸು ಕೊಡೆಯ ಕಡ್ಡಿ ಸರಿ ಮಾಡಿಕೊಳ್ಳುತ್ತಾ ನಿಂತಿದ್ದಳು. ಯಾರೂ ಯಾರಿಗೂ ಏನೂ ಹೇಳು ಅನ್ನಲಿಲ್ಲ. ಅಷ್ಟು ಹೊತ್ತು ಸುಮ್ಮನೆ ಕೂತದ್ದು ಎಷ್ಟು ವರ್ಷಗಳ ಮೇಲೋ. ತಣ್ಣಗಾದ ಟೀ ಕುಡಿದು, ಇನ್ನೊಂದು ಹೇಳಿ ಅದನ್ನೂ ಕುಡಿದು, ಎದ್ದಳು.

ವಾಪಸು ಬಂದು ಬಾಗಿಲು ತಳ್ಳಿದರೆ ಒಳಗೆ ನಗು. ಮೇಷ್ಟ್ರು ನಗುತ್ತಿದ್ದರು! ಹಾರ್ಪ್ಸಿಕಾರ್ಡಿನ ಮುಚ್ಚಳ ಎತ್ತಿತ್ತು. ಗುಬ್ಬಿ ಒಂದು ಕಡೆಯಿಂದ ಬಾಗಿದ್ದಳು, ಮೇಷ್ಟ್ರು ಇನ್ನೊಂದು ಕಡೆಯಿಂದ. ಅವರ ಕೈ ಮೊಣಕೈವರೆಗೆ ವಾದ್ಯದ ಹೊಟ್ಟೆಯೊಳಗಿತ್ತು.

"ಕೇಳಮ್ಮ ಇದನ್ನ!" ಅಂದರು ಮೇಷ್ಟ್ರು. ಒಂದು ತಂತಿ ಮೀಟಿದರು. ಗುಂಯ್ ಅಂತ ಮಂದವಾದ ನಾದ ಹರಡಿತು. "ಇಷ್ಟು ವರ್ಷ ಇದು ನನ್ನ ಹತ್ರಾನೇ ಇತ್ತು, ಗೊತ್ತೇ ಇರ್ಲಿಲ್ಲ!"

"ತಾತನ ಬೆರಳು ಎಷ್ಟು ಚೆನ್ನಾಗಿದೆ ಗೊತ್ತಾ ಅತ್ತೆ!" ಅಂದಳು ಗುಬ್ಬಿ.

ತಾತ! ಪೀಪಿಗೆ ಕಣ್ಣಲ್ಲಿ ನೀರು ಬರುವುದೊಂದು ಬಾಕಿ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾದರೂ ಕೊನೆಗೆ ರಾಜಿಯಾಯಿತಲ್ಲ ಅಂತ ಸಮಾಧಾನದಿಂದ ಕುರ್ಚಿ ಎಳೆದುಕೊಂಡಳು. ಅಷ್ಟರಲ್ಲಿ ಮೇಷ್ಟ್ರು ಗಂಟಲು ಸರಿ ಮಾಡಿಕೊಂಡರು.

"ಇನ್ನೊಂದು ವಿಷಯ. ನಾವಿಬ್ರೂ ಮಾತಾಡಿದ್ವಿ. ತೊಂದ್ರೆ ಇರೋದು ನಿನ್ನ ಊದೋದ್ರಲ್ಲಿ."

"ಏನಂದ್ರಿ?"

"ಬೇಜಾರು ಮಾಡ್ಕೋಬೇಡ ಅತ್ತೆ," ಅಂದಳು ಗುಬ್ಬಿ. "ಮೊದಲರ್ಧಕ್ಕೆ ಇಟ್ಕೊಂಡಿರೋ ಹಳೇ ಕೃತಿ, ಆ ಸೊನಾಟಾದಲ್ಲಿ ನೀನು ಉದ್ದ ಸ್ವರಗಳನ್ನ ನಡುಗಿಸ್ತೀಯಲ್ಲ, ಅದು ನನಗೆ ಮುಂಚಿನಿಂದಾನೂ ಹಿಡಿಸ್ತಿರ್ಲಿಲ್ಲ. ಹೇಳಿದೆ, ತಾತಾನೂ ಒಪ್ಪಿದ್ರು. ನೇರವಾಗಿ ಬರ್ಲಿ."

"ಮತ್ತೆ ಇವಳ ಕೃತೀಲಿ ಆ ಖಾಲಿ ಸಾಲು ಇದೆಯಲ್ಲ," ಮೇಷ್ಟ್ರು ಪೆನ್ಸಿಲ್ ಎತ್ತಿ ತೋರಿಸಿದರು. "ಖಾಲಿ ಬಿಡೋದು ಚೆನ್ನಾಗಿರಲ್ಲ. ಅಲಂಕಾರ ಎಲ್ಲಾ ಬರೆದಿದೀನಿ. ಮೇಲಿನ ಸ್ವರದಿಂದ ಶುರು."

ಹಾಳೆ ನೋಡಿದಳು. ಖಾಲಿಯಿದ್ದ ಸಾಲಿನ ತುಂಬ ಇರುವೆ ಮುತ್ತಿದ ಹಾಗೆ ಸ್ವರಗಳು. "ಅತ್ತೆಗೆ ಬಿಟ್ಟಿದ್ದು" ಅನ್ನುವ ಅಕ್ಷರದ ಮೇಲೂ ಗೀಚಿತ್ತು. ಉಸಿರಿಗೆ ಅಂತ ಇದ್ದ ಒಂದೇ ಜಾಗವನ್ನೂ ಇಬ್ಬರೂ ಸೇರಿ ಹೊಡೆದುಹಾಕಿದ್ದರು, ಲಯ ಕೆಡುತ್ತದಂತೆ. ಮೊದಲು ಇಬ್ಬರು ಬೇರೆ ಬೇರೆಯಾಗಿ ಕಾಡುತ್ತಿದ್ದರು, ಈಗ ಒಟ್ಟಾಗಿ ಕಾಡಲು ಶುರುಮಾಡಿದರು, ಅಷ್ಟೇ ವ್ಯತ್ಯಾಸ. ಪೀಪಿ ರೆಕಾರ್ಡರ್ ಎತ್ತಿಕೊಂಡಳು.

ಕಛೇರಿಯ ಸಂಜೆ ಸಭಾಂಗಣ ಮುಕ್ಕಾಲು ತುಂಬಿತ್ತು. ಅಣ್ಣ ಅತ್ತಿಗೆ ಎರಡನೇ ಸಾಲಿನಲ್ಲಿದ್ದರು. ಒಳಗೆ ಚಳಿ, ಮ್ಯಾನೇಜರ್ ಏಸಿ ಜೋರಾಗಿ ಬಿಟ್ಟಿದ್ದ. ಮರದ ವಾದ್ಯಕ್ಕೆ ಅದು ಶತ್ರು. ಬಿಸಿ ಉಸಿರು ತಣ್ಣನೆಯ ಮರಕ್ಕೆ ತಾಗಿದರೆ ಒಳಗೆ ನೀರಾಡುತ್ತದೆ, ಸ್ವರ ಕಟ್ಟುತ್ತದೆ. ಪೀಪಿ ರೆಕಾರ್ಡರುಗಳನ್ನು ಕಂಕುಳಲ್ಲಿಟ್ಟು ಬೆಚ್ಚಗೆ ಮಾಡಿಕೊಂಡೇ ವೇದಿಕೆಗೆ ಹೋದಳು. ಆದರೂ ಸೊನಾಟಾದ ನಿಧಾನ ಭಾಗದ ನಟ್ಟನಡುವೆ ಸ್ವರ ಒಡೆದು ಕೀಚ್ ಅಂತು. ಅವಳು ಊದುವ ತುದಿಯ ಕೆಳಗಿನ ಕಿಂಡಿಯನ್ನು ಅಂಗೈಯಿಂದ ಮುಚ್ಚಿ, ಫೂ ಅಂತ ಜೋರಾಗಿ ಊದಿ ನೀರು ಹಾರಿಸಿ, ಮುಂದುವರಿಸಿದಳು. ಮೇಷ್ಟ್ರು ಏನೂ ಆಗದವರಂತೆ ಎರಡು ಸ್ವರ ಹೆಚ್ಚಿಗೆ ಸೇರಿಸಿ ಅವಳಿಗಾಗಿ ಕಾದರು. ವಿರಾಮದಲ್ಲಿ ಒಬ್ಬ ಮುದುಕರು ಬಂದು ಕೈ ಕುಲುಕಿದರು. "ಹೊಸ ಸಂಗೀತ ಅಂದ್ರೆ ಹೆದರಿಕೆಯಾಗಿತ್ತು. ಆದ್ರೆ ಆ ಫೂ ಅಂದ್ರಲ್ಲ, ಅದು ನಮಗೂ ಅರ್ಥ ಆಯ್ತು," ಅಂದರು. ಪೀಪಿ ಥ್ಯಾಂಕ್ಸ್ ಅಂದಳು. ಇನ್ನೇನು ಅನ್ನುವುದು?

ಎರಡನೆಯರ್ಧದಲ್ಲಿ ಗುನುಗಿದಳು, ತೊಡೆಗೆ ಒತ್ತಿದಳು, ತಟ್ಟಿದಳು. ಮೇಷ್ಟ್ರು ಎದ್ದುನಿಂತು ತಂತಿ ಮೀಟಿದಾಗ ಅವರ ಬೋಳುತಲೆ ಮೇಲೆ ದೀಪ ಬಿದ್ದು, ಸಭೆಯಲ್ಲಿ ಯಾರೋ ಒಬ್ಬರು ಸಣ್ಣಗೆ ನಕ್ಕರು; ಆಮೇಲೆ ಆ ನಾದ ಕೇಳಿ ಸುಮ್ಮನಾದರು. ಆ ಸಾಲು ಬಂತು. ಎದುರಿಗೆ ಇರುವೆ ಸಾಲಿನಂಥ ಅಲಂಕಾರ. ಉಸಿರು ಮುಗಿದಿತ್ತು. ಪೀಪಿ ರೆಕಾರ್ಡರನ್ನು ಬಾಯಿಂದ ತೆಗೆದಳು. ನಿಧಾನವಾಗಿ, ಎದೆ ತುಂಬ, ಎಲ್ಲರಿಗೂ ಕೇಳುವ ಹಾಗೆ ಉಸಿರೆಳೆದುಕೊಂಡಳು. ಮೇಷ್ಟ್ರು ತಲೆಯೆತ್ತಿ ನೋಡಿದರು. ಅವಳು ಅವರನ್ನು ನೋಡಲಿಲ್ಲ. ತನಗೆ ಎಳವೆಯಿಂದಲೂ ಇಷ್ಟವಾದ ಒಂದು ಕೆಳಗಿನ ಸ್ವರ ಹಿಡಿದಳು. ನಡುಗಿಸಲಿಲ್ಲ, ಅಲಂಕರಿಸಲಿಲ್ಲ, ಸುಮ್ಮನೆ ಊದಿದಳು. ಉಸಿರು ಇರುವಷ್ಟು ಹೊತ್ತು ಅದು ನಿಂತಿತು. ಉಸಿರು ತೀರಿದಾಗ ತೆಳುವಾಗುತ್ತಾ ಹೋಗಿ ನಿಂತಿತು. ಅವಳಿಗೆ ಯಾಕೋ ಹಗುರವೆನ್ನಿಸಿತು. ಮುಂದಿನ ಸಾಲಿಗೆ ಹೋದಳು.

ಚಪ್ಪಾಳೆ ಮುಗಿದು ಒಳಗೆ ಬಂದರೆ ಇಬ್ಬರೂ ಕಾದಿದ್ದರು.

"ನನ್ನ ಅಲಂಕಾರ ಎಲ್ಲಿ ಹೋಯ್ತು?" ಮೇಷ್ಟ್ರು.

"ಅಷ್ಟು ಉದ್ದ ಎಳೆದ್ರೆ ಮುಂದಿನ ಭಾಗದ ಕಾವು ಹೋಗುತ್ತಲ್ಲ ಅತ್ತೆ," ಗುಬ್ಬಿ.

ಪೀಪಿ ಒಂದೊಂದೇ ರೆಕಾರ್ಡರಿನ ತುಂಡು ಕಳಚಿ ಬಟ್ಟೆಯಿಂದ ಒಳಗೆ ಒರೆಸುತ್ತಾ ಕೂತಳು. ಅಣ್ಣ ಬಾಗಿಲಲ್ಲಿ ಇಣುಕಿದ. "ಏ ಪೀಪಿ, ಆ ಒಂದು ಉದ್ದ ಸ್ವರ ಚೆನ್ನಾಗಿತ್ತು ಕಣೆ. ಉಳಿದದ್ದು ನನಗೆ ತಲೆಬುಡ ಗೊತ್ತಾಗ್ಲಿಲ್ಲ," ಅಂದು ಹೋದ.

ಮೇಷ್ಟ್ರು ಅದನ್ನು ಕೇಳಿಸಿಕೊಳ್ಳಲೇ ಇಲ್ಲ. "ಇರ್ಲಿ ಬಿಡು. ಮುಂದಿನ ಸಲ ಸರಿ ಹೋಗುತ್ತೆ. ಮ್ಯಾನೇಜರಿಗೆ ಹೂಂ ಅಂದಿದೀವಿ. ಇವಳು ಇನ್ನೊಂದು ಬರೀತಾಳೆ, ಇದಕ್ಕಿಂತ ದೊಡ್ಡದು."

"ಒಳ್ಳೇದು," ಅಂದಳು ಪೀಪಿ. "ಯಾರು ಊದ್ತಾರೆ?"

ಇಬ್ಬರೂ ಅವಳ ಮುಖ ನೋಡಿದರು. ಗುಬ್ಬಿ ತುಟಿ ಕಚ್ಚಿಕೊಂಡಳು. ಮೇಷ್ಟ್ರು ಕನ್ನಡಕ ತೆಗೆದು ಒರೆಸಿದರು, ಮತ್ತೆ ಹಾಕಿಕೊಂಡರು. ಅವರ ಮುಖದಲ್ಲಿ ಅಂಥ ತಬ್ಬಿಬ್ಬನ್ನು ಅವಳು ಎಂದೂ ನೋಡಿರಲಿಲ್ಲ.

"ನೀನೇ ಅಂತ ಅಂದ್ಕೊಂಡಿದ್ವಿ," ಅಂದರು.

"ಅಂದ್ಕೊಳ್ಳೋರು ಕೇಳ್ಬೇಕು ಮೇಷ್ಟ್ರೇ."

"ಸರಿಯಮ್ಮ, ಕೇಳ್ತೀನಿ. ನಿನಗೇನು ಬೇಕು?"

ಮೂವತ್ತು ಚಿಲ್ಲರೆ ವರ್ಷಗಳಲ್ಲಿ ಅವರು ಕೇಳಿದ ಮೊದಲ ಪ್ರಶ್ನೆ ಅದು, ಮಿಕ್ಕದ್ದೆಲ್ಲ ಪರೀಕ್ಷೆ. "ಯೋಚನೆ ಮಾಡಿ ಹೇಳ್ತೀನಿ. ಅಲ್ಲೀವರೆಗೆ ನನಗೆ ಯಾರೂ ಫೋನ್ ಮಾಡ್ಬೇಡಿ," ಅಂದಳು.

ಆಶ್ಚರ್ಯವೆಂದರೆ ಇಬ್ಬರೂ ಮಾಡಲಿಲ್ಲ. ಮೊದಲ ಕೆಲವು ದಿನ ಪೀಪಿ ಊದಲೇ ಇಲ್ಲ. ಅಂಗಡಿಗೆ ಇಳಿದು ಬಂದು ಗಾಜು ಒರೆಸಿದಳು, ಅಣ್ಣನಿಗೆ ತಲೆನೋವಾದಳು. "ಮೇಲೆ ಹೋಗಿ ಊದೇ ಮಾರಾಯ್ತಿ, ನಿನ್ನ ಕಾಲಿಗೆ ಬೀಳ್ತೀನಿ," ಅಂದ ಅವನೇ. ಮೇಲೆ ಹೋದಳು. ಯಾರ ಹಾಳೆಯನ್ನೂ ಎದುರಿಗಿಡದೆ ಕೂತು ತಾನು ಕಲಿತದ್ದರಲ್ಲಿ ತನಗೆ ಇಷ್ಟವಾದದ್ದನ್ನಷ್ಟೇ ಒಂದೊಂದಾಗಿ ಹುಡುಕಿ ಊದಿದಳು. ಹಳೆಯದೊಂದು ನೃತ್ಯದ ಧಾಟಿ, ಅದರ ಬೆನ್ನಿಗೇ ಆ ಏಣಿ ಹತ್ತಿಸಿದವನ ಕೃತಿಯ ಒಂದು ತುಣುಕು, ಏಣಿಯಿಲ್ಲದೆ. ಎರಡೂ ಒಂದಕ್ಕೊಂದು ಅಂಟಿಕೊಂಡವು. ಹಾಗೇ ಬೆಳೆಸುತ್ತಾ ಹೋದಳು. ಆಮೇಲೆ ಮ್ಯಾನೇಜರಿಗೆ ತಾನೇ ಫೋನ್ ಮಾಡಿ, "ನಾನೊಬ್ಬಳೇ ನುಡಿಸ್ತೀನಿ. ವಿರಾಮ ಬೇಡ. ಏಸಿ ಕಡಿಮೆ ಇಡಿ. ಯಾವುದು ಹಳೇದು ಯಾವುದು ಹೊಸದು ಅಂತ ಎಲ್ಲೂ ಹಾಕ್ಬೇಡಿ," ಅಂದಳು.

ಆ ದಿನ ಮೇಷ್ಟ್ರೂ ಗುಬ್ಬಿಯೂ ಟಿಕೆಟ್ ತೆಗೆದುಕೊಂಡು ಬಂದು ಮುಂದಿನ ಸಾಲಿನಲ್ಲಿ ಅಕ್ಕಪಕ್ಕ ಕೂತರು. ಮೊದಲೆರಡು ಮುಗಿಯುವವರೆಗೂ ಸುಮ್ಮನಿದ್ದರು. ಮೂರನೆಯದರ ನಡುವೆ ಪಿಸುಪಿಸು ಶುರುವಾಯಿತು.

"ಇದು ಹಳೇದು," ಮೇಷ್ಟ್ರು.

"ಅಲ್ಲ ತಾತ, ಆ ಜಿಗಿತ ನೋಡಿ, ಹೊಸದೇ."

"ನನಗೆ ಹೇಳ್ಕೊಡ್ತೀಯಾ? ಪಂದ್ಯ ಕಟ್ಟು!"

"ಏನು ಕಟ್ತೀರಿ?"

ಪೀಪಿ ಊದುವುದನ್ನು ನಿಲ್ಲಿಸಿದಳು. ವೇದಿಕೆಯ ಅಂಚಿಗೆ ಬಂದು, ಸಭೆಯೆಲ್ಲ ಕೇಳುವ ಹಾಗೆ ಅಂದಳು, "ನೀವಿಬ್ರೂ ಸ್ವಲ್ಪ ಬಾಯಿ ಮುಚ್ಕೊಂಡು ಕೂತ್ಕೊಳ್ತೀರಾ, ಇಲ್ಲ ಎದ್ದು ಹೊರಗೆ ಹೋಗ್ತೀರಾ?"

ಸಭೆ ಗೊಳ್ಳೆಂದಿತು. ಮೇಷ್ಟ್ರು ಮುದುರಿ ಕೂತರು. ಗುಬ್ಬಿ ಎರಡೂ ಕೈಯಿಂದ ಬಾಯಿ ಮುಚ್ಚಿಕೊಂಡಳು. ಪೀಪಿ ವಾಪಸು ಹೋಗಿ, ನಗು ಪೂರ್ತಿ ಅಡಗುವವರೆಗೆ ಕಾದು, ಮೂರನೆಯದನ್ನು ಮತ್ತೆ ಮೊದಲಿನಿಂದ ಶುರುಮಾಡಿದಳು.